ಗುಂಯ್ ಹಸನಬ್ಬನಿಗೆ ಅರ್ಥ್ ಸಿಕ್ಕಿದ್ದು

ನೇತ್ರಾವತಿಗೆ ನೆರೆ ಬಂದಾಗ ಬಂಟ್ವಾಳ ಪೇಟೆಯಲ್ಲಿ ಅಂಗಡಿಗಳ ಹಲಗೆಬಾಗಿಲು ತೇಲಿಹೋಗುತ್ತದೆ, ಬೆಲ್ಲದ ಅಚ್ಚು ಕರಗಿಹೋಗುತ್ತದೆ, ಒಮ್ಮೊಮ್ಮೆ ಗೋಡೆಯೇ ಕೂತುಬಿಡುತ್ತದೆ. ಕೊಚ್ಚಿಹೋಗದ ವಸ್ತು ಅಲ್ಲಿ ಒಂದೇ: ಅಡ್ಡಹೆಸರು. ಅದು ಹಲಸಿನ ಮೇಣದ ಹಾಗೆ, ತಿಕ್ಕಿದಷ್ಟೂ ತಿಕ್ಕಿದ ಕೈಗೂ ಅಂಟುತ್ತದೆ.

ಮೈಕ್ ಸೆಟ್ಟಿನ ಹಸನಬ್ಬನಿಗೆ ಅದು ಅಂಟಿದ್ದು ಕರೆಂಟಿನಿಂದ. ಐವತ್ತೊಂಬತ್ತನೆಯ ಇಸವಿಯವರೆಗೆ ಅವನು ಬರೀ ಹಸನಬ್ಬನಾಗಿದ್ದ. ಕೊಂಬಿನಂತಹ ಎರಡು ಸ್ಪೀಕರು, ಮರದ ಪೆಟ್ಟಿಗೆಯೊಳಗೆ ಕೆಂಡದಂತೆ ಉರಿಯುವ ವಾಲ್ವುಗಳ ಆಂಪ್ಲಿಫೈಯರು, ಲಾರಿಯದ್ದೊಂದು ಹಳೆಯ ಬ್ಯಾಟರಿ, ಇಷ್ಟನ್ನು ಬಸ್ಸಿನ ತಲೆಗೇರಿಸಿ ಕೊಕ್ಕಡದ ಮದುವೆಗೂ ವಿಟ್ಲದ ಸಭೆಗೂ ಹೋಗಿ ಬರುತ್ತಿದ್ದ. ಬ್ಯಾಟರಿಯ ಕಾಲದಲ್ಲಿ ಸೆಟ್ಟು ಸಾಧುವಾಗಿತ್ತು. ಆ ವರ್ಷ ಬೆಳ್ತಂಗಡಿ ಕಡೆಯ ಒಂದು ಊರಿಗೆ ಕರೆಂಟು ಬಂತು. ಮಂತ್ರಿಗಳೊಬ್ಬರು ಸ್ವಿಚ್ಚು ಒತ್ತುವುದೆಂದೂ, ಒತ್ತಿದ ಕೂಡಲೇ ದೀಪವೂ ಮೈಕೂ ಒಟ್ಟಿಗೆ ಏಳುವುದೆಂದೂ ನಿಶ್ಚಯವಾಯಿತು. ಹಸನಬ್ಬ ಬ್ಯಾಟರಿಯನ್ನು ಮನೆಯಲ್ಲೇ ಬಿಟ್ಟು ಗತ್ತಿನಿಂದ ಹೋದ.

ಮಂತ್ರಿಗಳು ಒತ್ತಿದರು. ದೀಪ ಹೊತ್ತಿತು. ಕೊಂಬುಗಳೆರಡರಿಂದ "ಗುಂಯ್‌ಯ್‌ಯ್" ಎಂಬ ನಾದ ಹೊರಟು, ತೆಂಗಿನ ಮರದ ಕಾಗೆಗಳನ್ನೆಲ್ಲ ಎಬ್ಬಿಸಿ, ಹನ್ನೊಂದು ನಿಮಿಷ ನಿಲ್ಲಲಿಲ್ಲ. ಜನ ಇದೇ ಕರೆಂಟಿನ ಸ್ವರವಿರಬೇಕೆಂದು ಕೈತಟ್ಟಿದರು. ಮಂತ್ರಿಗಳೂ ತಟ್ಟಿದರು. ಅವರ ಭಾಷಣದಲ್ಲಿ "ಮಹನೀಯರೇ" ಎಂಬುದೊಂದು, "ನಮಸ್ಕಾರ" ಎಂಬುದೊಂದು ಕೇಳಿಸಿತು, ನಡುವಿನದ್ದೆಲ್ಲ ಗುಂಯ್. ಅವರ ಬೇರೆ ಭಾಷಣಗಳನ್ನು ಕೇಳಿದ್ದವರು ಇದೇ ವಾಸಿ ಎಂದರಂತೆ. ಸಂಜೆಯೊಳಗೆ ಅವನು ಗುಂಯ್ ಹಸನಬ್ಬನಾಗಿದ್ದ. ಅವನು ಮನೆ ಸೇರುವಾಗ ಹೆಸರು ಅವನಿಗಿಂತ ಮುಂಚಿನ ಬಸ್ಸಿನಲ್ಲಿ ಬಂಟ್ವಾಳಕ್ಕೆ ಬಂದು ಇಳಿದಾಗಿತ್ತು.

ಮರುದಿನ ಲೈನ್‌ಮ್ಯಾನ್ ಒಬ್ಬ ಗುಟ್ಟು ಹೇಳಿಕೊಟ್ಟ. ಕರೆಂಟಿನಲ್ಲಿ ನಡೆಯುವ ಸೆಟ್ಟಿನಿಂದ ಒಂದು ತಂತಿ ನೆಲಕ್ಕೆ ಇಳಿಯಬೇಕು. ಅದಕ್ಕೆ ಅರ್ಥ್ ಎನ್ನುತ್ತಾರೆ. ಅರ್ಥ್ ಇಲ್ಲದಿದ್ದರೆ ಸೆಟ್ಟು ಗುಂಯ್ಗುಡುತ್ತದೆ. ಆ ಗುಂಯ್‌ಗೆ ಇಂಗ್ಲಿಷಿನವರು ಹಮ್ ಎಂದು ಹೆಸರಿಟ್ಟಿದ್ದಾರೆ. ಕನ್ನಡದ ಹಮ್ಮು ಕೂಡ ಕಾಲು ನೆಲಕ್ಕೆ ತಾಗದವರಿಗೇ ಬರುವುದರಿಂದ, ಎರಡು ಭಾಷೆಗಳೂ ಒಂದೇ ಕಾನ್ವೆಂಟಿನಲ್ಲಿ ಕಲಿತಿರಬೇಕು.

ಅಂದಿನಿಂದ ಹಸನಬ್ಬನಿಗೆ ಅರ್ಥ್ ಎಂಬುದು ಆರನೆಯ ಹೊತ್ತಿನ ನಮಾಜಿನಂತಾಯಿತು. ಎಲ್ಲಿಗೆ ಹೋದರೂ ಮೊದಲು ಬಾವಿಕಟ್ಟೆ ಎಲ್ಲಿ, ಬಚ್ಚಲ ನೀರು ಹರಿಯುವುದು ಎಲ್ಲಿ ಎಂದು ಕೇಳುತ್ತಿದ್ದ. ಅಲ್ಲಿನ ಹಸಿ ಮಣ್ಣಿನಲ್ಲಿ ಗುಂಡಿ ತೋಡಿ, ತಾಮ್ರದ ತಗಡು ಹೂತು, ಉಪ್ಪು ಮತ್ತು ಇದ್ದಲು ಸುರಿದು, ಮೇಲಿನಿಂದ ಅನ್ನ ಬಸಿದ ಗಂಜಿತೆಳಿ ಹೊಯ್ಯುತ್ತಿದ್ದ. ಬರೀ ನೀರು ಬೇಗ ಇಂಗುತ್ತದೆ, ಉಪ್ಪು ಹಾಕಿದ ಗಂಜಿತೆಳಿಯಾದರೆ ಮಣ್ಣಿಗೆ ಅಂಟಿ ಕೂರುತ್ತದೆ ಎಂಬುದು ಅವನದೇ ಸಂಶೋಧನೆ. ಅಷ್ಟಾದ ಮೇಲೆ ಅವನ ಸೆಟ್ಟು ಒಮ್ಮೆಯೂ ಗುಂಯ್ ಎನ್ನಲಿಲ್ಲ. ಆದರೆ ಅದರಿಂದ ಏನು ಬಂತು? ಗುಂಯ್ ಇದ್ದದ್ದು ಇಡೀ ತಾಲೂಕಿಗೆ ಕೇಳಿಸಿತ್ತು. ಇಲ್ಲದ ಗುಂಯ್ ಯಾರ ಕಿವಿಗೆ ಬೀಳಬೇಕು?

ಇದನ್ನೂ ಅವನು ನಕ್ಕು ನುಂಗುತ್ತಿದ್ದನೇನೋ. ಅಷ್ಟರಲ್ಲಿ ಮಗಳು ಜುಲೈಕಾಳಿಗೆ ವಿಟ್ಲದಿಂದ ಸಂಬಂಧ ಬಂತು. ಹುಡುಗ ಅಬ್ದುಲ್ ರವೂಫ್, ಕೊಡೆ ಅಂಗಡಿಯವನು, ಎಂಟನೆಯವರೆಗೆ ಓದಿದವನು. ಜುಲೈಕಾ ಕಿಟಕಿಯ ಸಂದಿನಿಂದ ಒಮ್ಮೆ ನೋಡಿ, ಆಮೇಲೆ ಮೂರು ದಿನ ಮಾತಿಲ್ಲದೆ ನಗುತ್ತಿದ್ದಳು. ತಾಯಿ ಬೀಯಮ್ಮನಿಗೆ ಅಷ್ಟೇ ಸಾಕಾಯಿತು. ಹುಡುಗನ ಅಜ್ಜಿ ಅವ್ವಮ್ಮ ಖುದ್ದಾಗಿ ಬಂದು ತುಪ್ಪದನ್ನ ಉಂಡು, ಹುಡುಗಿಯ ಗಲ್ಲ ಸವರಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡ ಮೇಲೆ ಒಂದು ಮಾತು ಹೇಳಿದಳು.

"ಹುಡುಗಿ ಚಿನ್ನ. ಆದರೆ ಅವಳ ಬಾಪನ ಹೆಸರಿಗೆ ಮೊದಲು ಒಂದು ಮುಚ್ಚಳ ಹಾಕಿ. ನಾಳೆ ನನ್ನ ಮೊಮ್ಮಗನನ್ನು ಗುಂಯ್ ಅಳಿಯ ಅಂತ ಕರೆದರೆ ನಾನು ವಿಟ್ಲದ ಸಂತೆಗೆ ಹೇಗೆ ಹೋಗುದು?"

ಮಳೆ ಹಿಡಿಯುವವರೆಗೆ ಗಡು ಕೊಟ್ಟು ಅವ್ವಮ್ಮ ಬಸ್ಸು ಹತ್ತಿದಳು. ಬೀಯಮ್ಮ ಪಾತ್ರೆ ತೊಳೆಯುತ್ತ, ಗಂಡನ ಕಡೆ ತಿರುಗದೆ, "ಓ ಜುಲೈಕಾನ ಬಾಪಾ, ಊರಿನವರ ಬಾಯಿಗೆ ಎಲ್ಲಿ ಗುಂಡಿ ತೋಡ್ತೀರಿ ನೀವು?" ಎಂದಳು. ಹಸನಬ್ಬನ ಹತ್ತಿರ ಇದ್ದದ್ದು ತಾಮ್ರದ ತಗಡೊಂದೇ.

ಅರುವತ್ತಮೂರರ ಬೇಸಗೆಯಲ್ಲಿ ಮೂಡಬಿದಿರೆಯಿಂದ ಒಂದು ಕಾರ್ಡು ಬಂತು. ಬರೆದವನು ರುಕ್ಮಯ್ಯ, ಅಲ್ಲಿ ರೇಡಿಯೋ ರಿಪೇರಿ ಮಾಡುವವನು, ಹಸನಬ್ಬನ ಅಡ್ಡಹೆಸರನ್ನು ಕಾರ್ಕಳದವರೆಗೆ ಮುಟ್ಟಿಸಿದ ಪುಣ್ಯಾತ್ಮ. ಕಾರ್ಡಿನಲ್ಲಿ ಇದ್ದದ್ದು ಇಷ್ಟು: ಇಲ್ಲಿ ಮೈಸೂರು ಕಡೆಯ ಒಬ್ಬ ಡಾಕ್ಟ್ರಮ್ಮ ಮೊಲದ ಕುತ್ತಿಗೆಗೆ ಮೈಕ್ ಇಟ್ಟಿದ್ದಾರೆ, ಮೊಲ ಮಾತಾಡುವುದಿಲ್ಲ, ಬರೀ ಗುಂಯ್ ಎನ್ನುತ್ತದೆ, ನಾನು ಎಲ್ಲ ವಾಲ್ವು ಬದಲಿಸಿ ನೋಡಿದೆ, ಗುಂಯ್‌ನ ಧಣಿ ಬಂಟ್ವಾಳದಲ್ಲಿ ಇರುವಾಗ ನಾನು ಯಾರು, ತಾವೇ ದಯಮಾಡಿಸಬೇಕು. ಕುಚೋದ್ಯಕ್ಕೇ ಬರೆದ ಕಾರ್ಡು. ಆದರೆ ಗುಂಯ್ ಎಂಬ ಶಬ್ದ ಕಂಡದ್ದೇ ಹಸನಬ್ಬ ಪೆಟ್ಟಿಗೆ ಕಟ್ಟಿದ. ಸೋಮವಾರ ಬೆಳಗ್ಗಿನ ಬಸ್ಸಿನಲ್ಲಿ ಸಿದ್ಧಕಟ್ಟೆಯ ಧೂಳನ್ನೆಲ್ಲ ಕುಡಿದು ಮೂಡಬಿದಿರೆಯಲ್ಲಿ ಇಳಿದ. ಅಲ್ಲಿ ಅವನ ತಂಗಿ ಸೈನಬಳ ಮನೆ ಇತ್ತು, ಆದ್ದರಿಂದ ಮಲಗಲು ಜಾಗವೂ ಗುಂಡಿಗೆ ಗಂಜಿತೆಳಿಯೂ ಉಂಟೆಂದೇ ಲೆಕ್ಕ.

ಡಾಕ್ಟ್ರಮ್ಮನ ಹೆಸರು ರಂಗನಾಯಕಿ. ಮಂಗಳೂರಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುವವರು, ಮೂವತ್ತೈದರ ಆಸುಪಾಸು, ತೆಳ್ಳಗೆ, ಕಚ್ಚೆಯಂತೆ ಸೆರಗು ಸಿಕ್ಕಿಸಿ ನಿಂತರೆ ಪೊಲೀಸರೂ ದಾರಿ ಬಿಡಬೇಕು. ಪ್ರಾಣಿಗಳ ಉಸಿರಾಟದ ನರವನ್ನು ಅಳೆಯುವುದು ಅವರ ಸಂಶೋಧನೆ. ಕಾಲೇಜಿನ ಪಕ್ಕದಲ್ಲೇ ಹಂಚಿನ ಕಾರ್ಖಾನೆ ಇದ್ದು, ಯಂತ್ರದ ಪರದೆಯ ಮೇಲೆ ಮೊಲದ ನರಕ್ಕೆ ಬದಲು ಹಂಚಿನ ಕಾರ್ಖಾನೆಯ ಮೋಟಾರೇ ಕುಣಿಯುತ್ತಿದ್ದುದರಿಂದ, ಸದ್ದಿಲ್ಲದ ಊರು ಹುಡುಕಿ ಯಂತ್ರಗಳನ್ನೂ ಏಳು ಮೊಲಗಳನ್ನೂ ಲಾರಿಯಲ್ಲಿ ಹೇರಿಸಿ ಮೂಡಬಿದಿರೆಗೆ, ಸೈನಬಳ ಮನೆಯ ಪಕ್ಕದ ಬಾಡಿಗೆ ಮನೆಗೆ ಬಂದಿದ್ದರು. ಗುರುವಾರ ಮದ್ರಾಸಿನಿಂದ ಪರೀಕ್ಷಕರು ಬರುವವರಿದ್ದರು. ಅವರೆದುರು ನರ ಮಾತಾಡಿದರೆ ಡಾಕ್ಟ್ರಮ್ಮನಿಗೆ ದೊಡ್ಡ ಪದವಿ. ಇಲ್ಲವಾದರೆ ಮೂರು ವರ್ಷದ ಕೆಲಸ ಮೊಲದ ಹಿಕ್ಕೆ. ಮೂಡಬಿದಿರೆಗೂ ಕರೆಂಟು ಬಂದಿತ್ತು, ಕರೆಂಟಿನ ಹಿಂದೆಯೇ ಗುಂಯ್ ಕೂಡ.

ಮೊದಲು ಅವರು ಹಸನಬ್ಬನಿಗೆ ಕೆಲಸ ವಿವರಿಸಿದರು. ಎದೆಗೂ ಹೊಟ್ಟೆಗೂ ನಡುವೆ ಮಾಂಸದ ಒಂದು ತೆಳು ಪರದೆ ಉಂಟು. ಅದು ಕೆಳಗೆ ಜಗ್ಗಿದರೆ ಉಸಿರು ಒಳಗೆ ಬರುತ್ತದೆ. ಜಗ್ಗು ಎಂದು ಮೆದುಳಿನ ಅಪ್ಪಣೆ ಇಳಿಯುವುದು ಕುತ್ತಿಗೆಯಲ್ಲಿ ಹಾದುಹೋಗುವ ಒಂದು ನರದಲ್ಲಿ. ಮೊಲಕ್ಕೆ ಮತ್ತಿನ ಮದ್ದು ಕೊಟ್ಟು ಮಲಗಿಸಿ, ಕುತ್ತಿಗೆಯಲ್ಲಿ ಸಣ್ಣ ಗಾಯ ಮಾಡಿ, ಆ ನರವನ್ನು ಬೆಳ್ಳಿಯ ಎರಡು ಕೊಕ್ಕೆಗಳ ಮೇಲೆ ಎತ್ತಿಟ್ಟು, ಅದರ ಮಿಣುಕನ್ನು ಲಕ್ಷ ಪಾಲು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುವುದು. ತುಳುವಿನಲ್ಲಿ ನರಮಾನಿ ಎಂದರೆ ಮನುಷ್ಯ. ಆದ್ದರಿಂದ ಮೊಲದ ಕುತ್ತಿಗೆಯಲ್ಲಿ ನರ ಎಲ್ಲಿಂದ ಬಂದ ಎಂದು ಹಸನಬ್ಬ ಸ್ವಲ್ಪ ಹೊತ್ತು ಕಂಗಾಲಾದ. ಆಮೇಲೆ ಅವನ ಮುಖ ಬೆಳಗಿತು. ಇದು ಅವನದೇ ಕಸುಬು. ಮೆದುಳು ಮೈಕು, ನರ ವಯರು, ಎದೆಯ ಪರದೆ ಸ್ಪೀಕರು. ಅಲ್ಲಾಹು ಸೃಷ್ಟಿಯ ಮೊದಲ ದಿನವೇ ಇಟ್ಟ ಮೈಕ್ ಸೆಟ್ಟು, ಅದೂ ಬ್ಯಾಟರಿಯಲ್ಲಿ ನಡೆಯುವಂಥದ್ದು. ಕೆಲಸ ಮುಗಿದ ಮೇಲೆ ಮೊಲದ ಗತಿ ಏನೆಂದು ಕೇಳಿದ. ಗಾಯಕ್ಕೆ ಹೊಲಿಗೆ ಹಾಕುವುದಾಗಿಯೂ, ನಾಲ್ಕರಲ್ಲಿ ಒಂದು ಏಳುವುದಿಲ್ಲವೆಂದೂ ಡಾಕ್ಟ್ರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಹೇಳುವಾಗ ಮೊಲದ ಕಿವಿಯನ್ನು ಸವರುತ್ತಿದ್ದರು.

ಮತ್ತೆ ಯಂತ್ರದ ಕಡೆ ಕೈ ಮಾಡಿ ನಿಟ್ಟುಸಿರು ಬಿಟ್ಟರು. "ವೈರು ಸರಿಯಿದೆ, ವಾಲ್ವು ಸರಿಯಿದೆ, ಮೊಲಾನೂ ಸರಿಯಿದೆ. ಆದ್ರೂ ನನಗೆ ಅರ್ಥ ಆಗ್ತಾ ಇಲ್ಲ, ಹಸನಬ್ಬನವರೇ."

ಹಸನಬ್ಬನ ಕಣ್ಣು ಒದ್ದೆಯಾಗುವುದೊಂದು ಬಾಕಿ. ನಾಲ್ಕು ವರ್ಷದಿಂದ ಅವನು ಊರಿಗೆಲ್ಲ ಹೇಳಿ ಸೋತ ಮಾತನ್ನು ಇಷ್ಟು ಕಲಿತವರು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದರು.

"ಅರ್ಥ್ ಆಗುದಿಲ್ಲ ಅಂತ ನಿಮಗೇ ಗೊತ್ತುಂಟಲ್ಲ, ಡಾಕ್ಟ್ರಮ್ಮ. ಮತ್ತೆಂಥ ಚಿಂತೆ?"

"ಅರ್ಥ ಆಗ್ದೇ ಇರೋದೇ ಚಿಂತೆ ಕಣ್ರೀ."

"ನಾನು ಮಾಡಿಸಿ ಕೊಡ್ತೇನೆ. ಒಂದು ಗಂಟೆಯ ಕೆಲಸ."

"ನೀವು? ನನಗೆ ಅರ್ಥ ಮಾಡಿಸ್ತೀರಾ?" ಡಾಕ್ಟ್ರಮ್ಮನ ಕನ್ನಡಕ ಮೂಗಿನ ತುದಿಗೆ ಇಳಿಯಿತು.

"ಈಗ ನಿಮ್ಮ ಅರ್ಥ್ ಎಲ್ಲಿ ಉಂಟು, ಅದನ್ನು ಒಮ್ಮೆ ತೋರಿಸಿ."

"ಎಲ್ಲಿ ಅಂದ್ರೆ? ತಲೇಲಿ ಇರ್ಬೇಕು."

ಹಸನಬ್ಬ ತಲೆಯೆತ್ತಿ ಮಾಡಿನ ಜಂತಿಗಳನ್ನು ನೋಡಿದ. "ತಲೆಯ ಮೇಲೆ ಕೊಟ್ಟದ್ದಾ? ಹಾಗಾದ್ರೆ ಗುಂಯ್ ಅನ್ನದೆ ಮತ್ತೆಂಥ ಮಾಡ್ತದೆ? ಅರ್ಥ್ ಮಣ್ಣಲ್ಲಿ ಇರ್ಬೇಕಮ್ಮ."

ಡಾಕ್ಟ್ರಮ್ಮನಿಗೆ ಇದು ವೇದಾಂತವೋ ಉದ್ಧಟತನವೋ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಅವನು ಹಾರೆ ಕೇಳಿ ಪಡೆದು ಬಾವಿಕಟ್ಟೆಯ ಹತ್ತಿರ, ಬಾಳೆಯ ಬುಡದಲ್ಲಿ, ಸೊಂಟದ ಆಳದ ಗುಂಡಿಯೊಳಗೆ ನಿಂತಿದ್ದ. ಮೇಲೆ ಸೈನಬ ಗಂಜಿತೆಳಿಯ ಪಾತ್ರೆ ಹಿಡಿದು ಕಾಯುತ್ತಿದ್ದಳು. ಅರ್ಥಕ್ಕೂ ಅರ್ಥ್‌ಗೂ ಇರುವ ಅಂತರ ಅಲ್ಲಿ ಬಯಲಾಯಿತು. ಡಾಕ್ಟ್ರಮ್ಮ ಬಾವಿಯ ಕಂಬ ಹಿಡಿದುಕೊಂಡು ನಕ್ಕ ರೀತಿಗೆ ಏಳು ಮೊಲಗಳೂ ಗೂಡಿನ ಮೂಲೆ ಸೇರಿದವು.

ಅವರ ಹಳೆಯ ಅರ್ಥ್ ಒಂದು ಕಬ್ಬಿಣದ ಸರಳು, ಮನೆಯ ಹಿಂದೆ ಒಣಗಿದ ಕೆಂಪು ಮುರಕಲ್ಲಿನ ನೆಲಕ್ಕೆ ಬಡಿದಿಟ್ಟದ್ದು. ಹಸನಬ್ಬ ಕರೆಂಟಿಗೂ ಆ ಸರಳಿಗೂ ನಡುವೆ ಒಂದು ಬಲ್ಬು ಹಿಡಿದು ತೋರಿಸಿದ, ಮಿಂಚುಹುಳದಷ್ಟು ಉರಿಯಿತು. ತನ್ನ ಗುಂಡಿಗೆ ಹಿಡಿದ, ಜಗ್ಗನೆ ಹತ್ತಿತು. ಡಾಕ್ಟ್ರಮ್ಮ ಕೂಲಿ ಎಷ್ಟೆಂದು ಕೇಳಿದರು. ಕೂಲಿ ಬೇಡವೆಂದ. ಬೇಕಾದದ್ದು ಬೇರೆ. ಗುಂಯ್ ಪೂರ್ತಿ ಹೋದರೆ, ಡಾಕ್ಟರು ಕೊಡುವಂಥ ಒಂದು ಸರ್ಟಿಫಿಕೇಟು, ಮೊಹರು ಹಾಕಿ, ಹಸನಬ್ಬನಲ್ಲಿ ಗುಂಯ್ ಇಲ್ಲ ಎಂದು ಬರೆದುಕೊಡಬೇಕು. ಯಾಕೆಂದು ಕೇಳಿದಾಗ ಅವ್ವಮ್ಮನ ಮುಚ್ಚಳದ ಮಾತನ್ನೂ ಹೇಳಿದ. ಡಾಕ್ಟ್ರಮ್ಮ ನಗಲಿಲ್ಲ. ಅವರಿಗೂ ಗುರುವಾರದವರೆಗೆ ಗಡು ಇತ್ತು.

ಮಂಗಳವಾರ ಗುಂಯ್ ಅರ್ಧಕ್ಕೆ ಇಳಿಯಿತು. ಗಾಳಿಯಲ್ಲಿ ಬರುವ ಗುಂಯ್ ಒಂದು ಉಂಟು, ಅದಕ್ಕೆ ಜಾಲರಿ ಬೇಕೆಂದು ಹಸನಬ್ಬ ಸೈನಬಳ ಅಡುಗೆಮನೆಯಿಂದ ಹಾಲು ಮೊಸರಿಡುವ ಜಾಲರಿಯ ಕಪಾಟನ್ನೇ ಹೊತ್ತು ತಂದ. ಬೆಕ್ಕಿನಿಂದ ಹಾಲನ್ನು ಕಾಯುತ್ತಿದ್ದ ಕಪಾಟು ಕರೆಂಟಿನಿಂದ ಮೊಲವನ್ನು ಕಾಯತೊಡಗಿತು. ಬೆಕ್ಕಿಗೆ ಆ ವಾರ ಸೈನಬಳ ಮನೆಯಲ್ಲಿ ಹಬ್ಬ. ಗುಂಯ್ ಇನ್ನಷ್ಟು ಇಳಿದು ಸೊಳ್ಳೆಯಷ್ಟಾಯಿತು. ಆದರೆ ನರದ ಸದ್ದು ಸೊಳ್ಳೆಗಿಂತಲೂ ಸಣ್ಣದು. ರುಕ್ಮಯ್ಯ ದಿನಕ್ಕೆರಡು ಸಲ ಕಿಟಕಿಗೆ ಬಂದು, "ಬ್ಯಾರಿಯವರೇ, ಮೊಲ ಏನಂತದೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾನೇ ಗುಂಯ್ ಎಂದು ಹೋಗುತ್ತಿದ್ದ.

ಬುಧವಾರ ಮಧ್ಯಾಹ್ನ ಒಂದು ಬಿಳಿ ಮೊಲ ಮತ್ತಿನಲ್ಲಿ ಮಲಗಿತ್ತು. ನರ ಕೊಕ್ಕೆಯ ಮೇಲಿತ್ತು. ಸ್ಪೀಕರಿನಲ್ಲಿ ಸೊಳ್ಳೆ. ಹಸನಬ್ಬ ಪ್ರತಿಯೊಂದು ಬೆಸುಗೆಯನ್ನೂ ಕಾಯಿಸಿ ಆಗಿತ್ತು. ಗುಂಡಿಗೆ ಮೂರು ಪಾತ್ರೆ ಗಂಜಿತೆಳಿ ಹೊಯ್ದದ್ದರಿಂದ ಸೈನಬಳ ಮಕ್ಕಳು ಬರೀ ಅನ್ನ ಉಂಡಿದ್ದರು. ಇನ್ನು ಮಾಡುವುದು ಏನೂ ಉಳಿದಿಲ್ಲವೆಂದು ಅವನು ಸ್ಕ್ರೂಡ್ರೈವರನ್ನು ಪೆಟ್ಟಿಗೆಗೆ ಹಾಕಿದ. ಹಾಕುವಾಗ ಕಣ್ಣೆದುರು ಬಂದದ್ದು ಮೂರು ದಿನ ಮಾತಿಲ್ಲದೆ ನಕ್ಕ ಜುಲೈಕಾ.

ಡಾಕ್ಟ್ರಮ್ಮ ಅವನ ಮೋರೆ ನೋಡಿ ಸಮಾಧಾನಕ್ಕೆಂದು ಸೋಮವಾರದ ತಮಾಷೆಯನ್ನು ಮತ್ತೆ ಎತ್ತಿದರು. ಅವತ್ತಿನ ತಪ್ಪು ಇಬ್ಬರದ್ದೂ ಅಲ್ಲ ಎಂದರು. "ಒಂದೇ ಮಾತಿಗೆ ಎರಡರ್ಥ ಇದ್ರೆ ಗಲಿಬಿಲಿ ಆಗ್ದೆ ಇನ್ನೇನಾಗುತ್ತೆ?"

ಹಸನಬ್ಬ ಪೆಟ್ಟಿಗೆಯ ಮುಚ್ಚಳ ಹಿಡಿದೇ ನಿಂತ.

"ಎಂಥ ಹೇಳಿದ್ರಿ? ಎರಡು ಅರ್ಥ್ ಉಂಟಾ?"

"ಇದೆಯಲ್ಲ. ನಿಮ್ಮದೊಂದು, ನಮ್ಮದೊಂದು."

ಅವನು ಲುಂಗಿ ಎತ್ತಿ ಕಟ್ಟಿ ಮೇಜಿನ ಅಡಿಗೆ ನುಗ್ಗಿದ. ನಿಜವೇ. ಆಂಪ್ಲಿಫೈಯರಿನ ತಂತಿ ಅವನ ಹೊಸ ಗುಂಡಿಗೆ ಹೋಗಿತ್ತು. ಮೊಲದ ಮೇಜಿನ ಕಾಲಿಗೆ ಕಟ್ಟಿದ ಹಳೆಯ ತಂತಿ ಮಾತ್ರ, ಯಾರೂ ಬಿಚ್ಚದೆ, ಹಿಂಬಾಗಿಲಿನಿಂದ ಮುರಕಲ್ಲಿನ ಸರಳಿಗೇ ಹೋಗಿತ್ತು. ಒಂದು ಸೆಟ್ಟಿಗೆ ಎರಡು ಅರ್ಥ್. ಎರಡರ ನಡುವೆ ಸುತ್ತು ಹೊಡೆಯುತ್ತ ಕರೆಂಟು ಗುಂಯ್ಗುಡುತ್ತಿತ್ತು. ಎರಡರ್ಥದ ಮಾತಿಗೆ ಸಭೆಯಲ್ಲಿ ಗುಸುಗುಸು ಏಳುವುದಿಲ್ಲವೇ, ಹಾಗೆ. ಹಸನಬ್ಬ ಹಳೆಯ ತಂತಿಯನ್ನು ಇಕ್ಕುಳದಿಂದ ಕತ್ತರಿಸಿ, ಮೇಜನ್ನೂ ಕಪಾಟನ್ನೂ ಸೆಟ್ಟನ್ನೂ ಒಂದೇ ಗಂಟಿಗೆ ತಂದು ಗುಂಡಿಯ ತಂತಿಗೆ ಸೇರಿಸಿದ.

ಸೊಳ್ಳೆ ಸತ್ತಿತು. ಕೋಣೆಯಲ್ಲಿ ಗಡಿಯಾರದ ಸದ್ದು ಕೇಳಿಸಿತು. ಮತ್ತೆ ಸ್ಪೀಕರಿನಿಂದ ಯಾರೋ ಹಿಡಿಸೂಡಿಯಲ್ಲಿ ಅಂಗಳ ಗುಡಿಸಿದಂತೆ ಒಂದು ಸದ್ದು: ಶ್‌ರ್‌ರ್. ಸುಮ್ಮನಾಯಿತು. ಮತ್ತೆ ಶ್‌ರ್‌ರ್. ಒಂದೊಂದು ಗುಡಿಸುವಿಕೆಗೂ ಮೊಲದ ಹೊಟ್ಟೆ ಏಳುತ್ತಿತ್ತು. ಅಪ್ಪಣೆ ಮೊದಲು, ಉಸಿರು ಆಮೇಲೆ. ಡಾಕ್ಟ್ರಮ್ಮ ಎರಡು ಕೈಗಳಿಂದಲೂ ಬಾಯಿ ಮುಚ್ಚಿಕೊಂಡರು. ಹಸನಬ್ಬ ಸ್ಪೀಕರಿಗೆ ಕಿವಿ ಕೊಟ್ಟು, ತನಗೇ ತಿಳಿಯದೆ, ಅದರ ತಾಳಕ್ಕೆ ಉಸಿರಾಡತೊಡಗಿದ. ಮೊಲ ನಿಮಿಷಕ್ಕೆ ಐವತ್ತು ಸಲ ಉಸಿರಾಡುವ ಪ್ರಾಣಿ. ಎರಡು ನಿಮಿಷದಲ್ಲಿ ಅವನಿಗೆ ಮೂಡಬಿದಿರೆ ಗಿರ್ರನೆ ತಿರುಗಿತು. ಬಸದಿಯ ಸಾವಿರ ಕಂಬಗಳೂ ಕೈಕೈ ಹಿಡಿದು ಸುತ್ತು ಬಂದಂತಾಯಿತು. ಡಾಕ್ಟ್ರಮ್ಮ ಅವನನ್ನು ಹಿಡಿದು ಕೂರಿಸಿ, ನಿಮ್ಮ ಉಸಿರು ನಿಮಗೆ, ಮೊಲದ್ದು ಮೊಲಕ್ಕೆ ಎಂದು ಬುದ್ಧಿ ಹೇಳಿ ನೀರು ಕೊಟ್ಟರು. ಅವರಿಗೂ ತಲೆ ತಿರುಗುತ್ತಿತ್ತು ಎಂದು ಆಮೇಲೆ ಒಪ್ಪಿಕೊಂಡರು. ಮೊಲದ ಶ್ವಾಸ ಇಬ್ಬರಿಗೂ ವಿಶ್ವಾಸ ತಂದಿತ್ತು.

ಗುರುವಾರ ಪರೀಕ್ಷಕರು ಕಾರಿನಲ್ಲಿ ಬಂದರು. ದಪ್ಪ ಮನುಷ್ಯ, ಬಿಳಿ ಸೂಟು, ಬಸದಿಯ ಸಾವಿರ ಕಂಬ ನೋಡಿಕೊಂಡೇ ಬಂದಿದ್ದರು. ಸಾವಿರದ ಒಂದನೆಯದು, ಮುರಕಲ್ಲಿನ ಆ ದಂಡಪಿಂಡ ಸರಳು, ಹಿತ್ತಲಲ್ಲಿ ಇದ್ದದ್ದನ್ನು ಅವರಿಗೆ ಯಾರೂ ತೋರಿಸಲಿಲ್ಲ. ಕಿಟಕಿಯ ಹೊರಗೆ ರುಕ್ಮಯ್ಯ ಅಂಗಡಿ ಮುಚ್ಚಿ ಬಂದು ನಿಂತಿದ್ದ, ಜತೆಗೆ ನಾಲ್ಕು ಜನ. ಗುಂಯ್ ಕೇಳದೆ ಹೋಗುವವರಲ್ಲ ಅವರು.

ಹೊಸ ಮೊಲ, ಹೊಸ ಗಾಯ, ನರ ಕೊಕ್ಕೆಯ ಮೇಲೆ. ಹಸನಬ್ಬ ಬಿಸ್ಮಿ ಹೇಳಿ ಸ್ವಿಚ್ಚು ಒತ್ತಿದ. ಶ್‌ರ್‌ರ್. ಶ್‌ರ್‌ರ್. ಪರದೆಯ ಮೇಲೆ ಹಸಿರು ಗೆರೆ ಪ್ರತಿ ಉಸಿರಿಗೂ ಹುಲ್ಲಿನ ಪೊದೆಯಂತೆ ನಿಮಿರಿ ಮಲಗುತ್ತಿತ್ತು. ಪರೀಕ್ಷಕರು ತಲೆಯಾಡಿಸಿ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಡಾಕ್ಟ್ರಮ್ಮ ಮೊಲದ ಗಂಟಲಿನ ನಳಿಕೆಗೆ ಒಂದು ಸಣ್ಣ ತಿದಿ ಸೇರಿಸಿ ಗಾಳಿ ಊದಿ, ಊದಿದ್ದನ್ನು ಹಾಗೇ ಹಿಡಿದರು.

ಸ್ಪೀಕರು ನಿಂತಿತು.

ಒಂದು. ಎರಡು. ಮೂರು. ಏನೂ ಇಲ್ಲ. ಇಪ್ಪತ್ತು ವರ್ಷದ ಕಸುಬಿನಲ್ಲಿ ಸಭೆಯ ನಡುವೆ ಸ್ಪೀಕರು ಸತ್ತರೆ ಏನಾಗುತ್ತದೆಂದು ಹಸನಬ್ಬನ ಕೈಗಳಿಗೇ ಗೊತ್ತಿತ್ತು. ಅವು ತಾವಾಗಿಯೇ ಪ್ಲಗ್ಗಿನ ಕಡೆಗೆ ಹೋದವು. ಡಾಕ್ಟ್ರಮ್ಮ ಅವನ ಕಡೆ ನೋಡದೆಯೇ ಒಂದು ಬೆರಳು ಎತ್ತಿದರು. ಕಾನ್ವೆಂಟಿನ ಸಿಸ್ಟರು ಎತ್ತುವ ಬೆರಳು ಅದು, ಯಾವ ಮತದವನ ಕೈಯೂ ಅಲ್ಲೇ ನಿಲ್ಲಬೇಕು. ನಾಲ್ಕು. ಐದು. ಪರೀಕ್ಷಕರು ಸ್ಪೀಕರಿನ ಬಾಯಿಗೆ ಕಿವಿ ತಂದು ಆಲಿಸಿದರು. ಕಿಟಕಿಯ ಐದು ಜನರೂ ಆಲಿಸಿದರು. ಇಡೀ ಕೋಣೆ ಆ ಸ್ಪೀಕರಿನಲ್ಲಿ ಕೇಳಿಸದೇ ಇದ್ದದ್ದನ್ನು ಆಲಿಸುತ್ತಿತ್ತು. ಹಸನಬ್ಬನಿಗೆ ಆಗ ಹೊಳೆಯಿತು: ಇಲ್ಲದ ಗುಂಯ್ ಕೊನೆಗೂ ಜನರ ಕಿವಿಗೆ ಬೀಳುತ್ತಿದೆ.

ಡಾಕ್ಟ್ರಮ್ಮ ತಿದಿ ಬಿಟ್ಟರು. ಶ್‌ರ್‌ರ್ ಎಂದು ಅಂಗಳ ಗುಡಿಸುವವಳು ಮರಳಿ ಬಂದಳು.

ಎದೆಯಲ್ಲಿ ಗಾಳಿ ತುಂಬಿದಾಗ, ಇನ್ನು ಸಾಕು ಎಂದು ಮೆದುಳಿಗೆ ವರದಿ ಹೋಗುತ್ತದಂತೆ. ಆಗ ಅದು ಅಪ್ಪಣೆ ನಿಲ್ಲಿಸುತ್ತದಂತೆ. ಆ ಮೌನವನ್ನು ತೋರಿಸುವುದೇ ಡಾಕ್ಟ್ರಮ್ಮನ ಮೂರು ವರ್ಷದ ಕೆಲಸ. ಪರೀಕ್ಷಕರು ಎದ್ದು ನಿಂತು ಕೈಕುಲುಕಿದರು, ಕಿಟಕಿಯ ಆಚೆಯವರು ಕೈತಟ್ಟಿದರು. ಸ್ಪೀಕರು ಸುಮ್ಮನಾದದ್ದಕ್ಕೆ ಜನ ಕೈತಟ್ಟಿದ್ದನ್ನು ಹಸನಬ್ಬ ಕಂಡದ್ದು ಅದೇ ಮೊದಲು. ಮಂತ್ರಿಗಳ ಸಭೆಯಲ್ಲಿಯೂ ಹಾಗಾಗಿದ್ದರೆ ಇಷ್ಟು ದೂರ ಬರಬೇಕಿರಲಿಲ್ಲ. ಇಷ್ಟು ಶುದ್ಧ ನಿಶ್ಶಬ್ದ ಯಾವ ದೇಶದ ಕಂಪೆನಿಯದ್ದು ಎಂದು ಪರೀಕ್ಷಕರು ಕೇಳಿದರು. ಡಾಕ್ಟ್ರಮ್ಮ ಬಂಟ್ವಾಳದ್ದು ಎಂದರು.

ಕಿಟಕಿಯಿಂದ ರುಕ್ಮಯ್ಯ ಮೆಲ್ಲಗೆ ಕೇಳಿದ: "ಅಲ್ಲ ಮಾರಾಯ್ರೆ, ನಿಮ್ಮ ಗುಂಯ್ ಎಲ್ಲಿ ಹೋಯ್ತು?"

"ಹೂತು ಹಾಕಿದ್ದೇನೆ," ಎಂದ ಹಸನಬ್ಬ. "ಬಾಳೆಯ ಬುಡದಲ್ಲಿ."

ಗುರುವಾರದ ಮೊಲ ಏಳಲಿಲ್ಲ. ಡಾಕ್ಟ್ರಮ್ಮ ಪದವಿಯ ಖುಷಿಯ ದಿನವೇ ಮಧ್ಯಾಹ್ನದ ಊಟ ಬಿಟ್ಟರೆಂದು ಸೈನಬ ಅಣ್ಣನಿಗೆ ಹೇಳಿದಳು. ಬುಧವಾರದ ಬಿಳಿ ಮೊಲ ಮಾತ್ರ ಹೊಲಿಗೆ ಹಾಕಿದ ಕುತ್ತಿಗೆಯನ್ನು ಓರೆ ಮಾಡಿಕೊಂಡು ಬಾಳೆದಿಂಡು ತಿನ್ನುತ್ತಿತ್ತು. ಹಸನಬ್ಬ, ಡಾಕ್ಟ್ರಮ್ಮ ಕೊಟ್ಟ ಸರ್ಟಿಫಿಕೇಟನ್ನು ಜೇಬಿನಲ್ಲಿಯೂ ಆ ಮೊಲವನ್ನು ಬುಟ್ಟಿಯಲ್ಲಿಯೂ ಇಟ್ಟುಕೊಂಡು ಬಸ್ಸು ಹತ್ತಿದ. ಅದಕ್ಕೆ ಏನೆಂದು ಹೆಸರಿಡುವುದೆಂದು ಬೀಯಮ್ಮ ಕೇಳುವ ಮೊದಲೇ ಜುಲೈಕಾ ಇಟ್ಟಾಗಿತ್ತು: ಗುಂಯ್. ಹೆಸರು ಮನೆಯಲ್ಲೇ ಉಳಿಯಿತು, ಕಾಲು ಮಾತ್ರ ನಾಲ್ಕಾಯಿತು.

ಸರ್ಟಿಫಿಕೇಟನ್ನು ರವೂಫ್ ಅಜ್ಜಿಗೆ ಓದಿ ಹೇಳಿದ. ಕೆಳಗೆ ಸಹಿ ಮಾಡಿದ ಡಾಕ್ಟ್ರಮ್ಮ ಮತ್ತು ಪರೀಕ್ಷಕರ ಹೆಸರುಗಳಿಗಿಂತ ಅವರ ಡಿಗ್ರಿಗಳು ಉದ್ದವಾಗಿದ್ದವು. ಆದರೆ ಅದು ವಿಟ್ಲ ಮುಟ್ಟುವ ಮೊದಲೇ ರುಕ್ಮಯ್ಯನ ಬಾಯಿ ಅಲ್ಲಿಗೆ ಮುಟ್ಟಿತ್ತು. ಕೆಲಸ ಕಣ್ಣಾರೆ ಕಂಡ ರುಕ್ಮಯ್ಯನಿಗೆ ಹಳೆಯ ಹೆಸರು ಕರೆಯಲು ನಾಲಿಗೆ ಹೊರಳಲಿಲ್ಲ. ಯಾವ ಹೆಸರೂ ಇಡದೆ ಇರಲು ಜನ್ಮಸ್ವಭಾವ ಬಿಡಲಿಲ್ಲ. ಅವನು ಅರ್ಥ್ ಹಸನಬ್ಬ ಎಂದು ಹೇಳಿದ್ದು ಸಿದ್ಧಕಟ್ಟೆ ದಾಟುವಾಗ ಅರ್ಥಬ್ಬ ಎಂದಾಯಿತು. ಅವ್ವಮ್ಮನ ಕಿವಿಗೆ ಬಿದ್ದದ್ದು ಅದು. ಅವಳಿಗೆ ಅರ್ಥ್ ಗೊತ್ತಿರಲಿಲ್ಲ, ಅರ್ಥ ಗೊತ್ತಿತ್ತು. ಬೀಗರು ಅರ್ಥ ಬಲ್ಲವರು, ದೊಡ್ಡ ಡಾಕ್ಟರುಗಳೇ ಅರ್ಥ ಆಗದಾಗ ಅವರನ್ನು ಕರೆಸುತ್ತಾರೆ ಎಂದು ಸಂತೆಯ ದಿನ ಇಡೀ ವಿಟ್ಲಕ್ಕೆ ತಾನೇ ಹೇಳಿ ಬಂದಳು.

ಮಳೆಗೆ ಹದಿನೈದು ದಿನ ಮೊದಲು ವಿಟ್ಲದಲ್ಲಿ, ಅವ್ವಮ್ಮನ ಮನೆಯಲ್ಲೇ ನಿಕಾಹ್ ಆಯಿತು. ಮೈಕು ಹೆಣ್ಣಿನ ಬಾಪನದ್ದೇ, ಹಿತ್ತಲಿನ ಗುಂಡಿಯೂ ಅವನದ್ದೇ. ರುಕ್ಮಯ್ಯ ಬಂದಿದ್ದ. ಮುಂದಿನ ಸಾಲಿನಲ್ಲಿ ಡಾಕ್ಟ್ರಮ್ಮ ಕೂತು, ಸ್ಪೀಕರು ಸುಮ್ಮನಿದ್ದಾಗಲೆಲ್ಲ ಅವನನ್ನು ನೋಡಿ ನಗುತ್ತಿದ್ದರು. ಊಟವಾದ ಮೇಲೆ ಅವ್ವಮ್ಮ ನಾಲ್ಕು ಜನ ಕೇಳುವಂತೆ, ಬೀಗರ ವಿದ್ಯೆ ಎಲ್ಲರಿಗೂ ಕಾಣಲಿ ಎಂದು, ಪರದೆಯ ಆಚೆಯಿಂದ ಸ್ವರ ಏರಿಸಿದಳು.

"ಅರ್ಥಬ್ಬರೇ, ಎಲ್ಲರೂ ಅರ್ಥ ಅರ್ಥ ಅಂತಾರೆ. ನಮಗೂ ಒಂದು ಹೇಳಿ. ಅದು ಎಲ್ಲಿ ಉಂಟು?"

ಹಸನಬ್ಬ ವಯರು ಸುತ್ತುತ್ತಿದ್ದ. ತಲೆಯೆತ್ತದೆ, ತನಗೆ ಕೇಳಿಸಿದ ಪ್ರಶ್ನೆಗೆ ಉತ್ತರ ಹೇಳಿದ. "ನಿಮ್ಮ ಹಿತ್ತಲಲ್ಲೇ ಉಂಟು, ಅವ್ವಾ. ಬಾಳೆಯ ಬುಡದಲ್ಲಿ. ದಿನಾ ಬೆಳಗ್ಗೆ ಒಂದು ಪಾತ್ರೆ ಗಂಜಿತೆಳಿ ಹೊಯ್ಯುದು ಮರೀಬೇಡಿ."

ಪರದೆಯ ಆಚೆ ಅವ್ವಮ್ಮ ಪಕ್ಕದವಳಿಗೆ, ಕೇಳಿದಿಯಾ, ಎಷ್ಟು ಆಳದ ಮಾತು ಎಂದಳು. ಸೊಂಟದಷ್ಟು ಆಳ ಎಂದು ಹೇಳಲು ಹಸನಬ್ಬ ಬಾಯಿ ತೆರೆದ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಡಾಕ್ಟ್ರಮ್ಮ ಒಂದು ಬೆರಳು ಎತ್ತಿದರು.

ಅವ್ವಮ್ಮನ ಹಿತ್ತಲಿನ ಬಾಳೆ ಆ ವರ್ಷ ಎರಡು ಗೊನೆ ಹಾಕಿತಂತೆ.